ರೆಕ್ಕೆಗೆಂದು ನೇಯ್ದ ನಲವತ್ತು ಗಜ

ಬಟ್ಟೆ ಹೇಗಿದೆ ಎಂದು ಕೇಳಿದರೆ ಸುಬ್ಬಾತಾಳ್ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆಮೇಲೆ ಅದರ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಉಜ್ಜುತ್ತಾಳೆ. ಅಷ್ಟೇ. ಎಷ್ಟನೇ ನಂಬರಿನ ನೂಲು, ಅಂಗುಲಕ್ಕೆ ಎಷ್ಟು ಎಳೆ, ಗಂಜಿ ಹಾಕಿದವಳ ಕೈ ಧಾರಾಳವೋ ಜಿಪುಣವೋ, ಎಲ್ಲವನ್ನೂ ಹೇಳಿಬಿಡುತ್ತಾಳೆ. ತಮಿಳು ಸೀಮೆಯ ನೆಗಮಂನಲ್ಲಿ, ಮನೆಯೊಳಗೆ ಕನ್ನಡವಾಡುವ ನೇಕಾರರ ಬೀದಿಯಲ್ಲಿ, ಆ ಬೆರಳಿನ ಮೇಲೆ ಯಾರಿಗೂ ಅನುಮಾನವಿಲ್ಲ. ಸೀರೆ ಕೊಳ್ಳಲು ಬಂದ ವ್ಯಾಪಾರಿಗಳು, "ಇದನ್ನ ಅಕ್ಕ ಮುಟ್ಟಿ ನೋಡಿದಾರಾ?" ಎಂದು ಕೇಳಿಯೇ ಗಂಟು ಕಟ್ಟಿಸುತ್ತಾರೆ. ಅಂಥ ಬೆರಳು ಎರಡು ವರ್ಷ ಮೋಸಹೋಯಿತೆಂದರೆ ಅದಕ್ಕಿರುವುದು ಒಂದೇ ಕಾರಣ. ಆ ಎರಡು ವರ್ಷ ಅವಳನ್ನು ಯಾರೂ ಮುಟ್ಟಗೊಡಲಿಲ್ಲ.

ಅದನ್ನು ಹೇಳಬೇಕಾದರೆ ಅವಳ ತಮ್ಮನಿಂದ ಶುರುಮಾಡಬೇಕು.

ತಿರುಮೂರ್ತಿ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಸುಬ್ಬಾತಾಳ್ ಮದುವೆಯಾಗಿ ಗಂಡನ ಮನೆಗೆ ಬಂದದ್ದು ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡು. ಅವಳ ಗಂಡ ಲಿಂಗಪ್ಪನ್ ಇವತ್ತಿಗೂ ಅದನ್ನು ಹೇಳಿ ನಗಿಸುತ್ತಾನೆ. "ನಾ ಹೆಣ್ಣು ಕೇಳೋಕೆ ಹೋದೆ. ಒಂದು ಕೊಂಡ್ರೆ ಒಂದು ಪುಕ್ಕಟೆ ಅಂತ ಕೊಟ್ರು. ಪುಕ್ಕಟೆ ಬಂದಿದ್ದೇ ಜಾಸ್ತಿ ತಿಂತು." ಹೀಗೆ ಅನ್ನುತ್ತಲೇ ಭಾವಮೈದುನನನ್ನು ಓದಿಸಿದವನೂ ಅವನೇ. ಐಟಿಐ ಮುಗಿಸಿದ ತಿರುಮೂರ್ತಿ ಪೆರಿಯನಾಯಕನಪಾಳ್ಯಂನ ವರ್ಕ್‌ಶಾಪೊಂದರಲ್ಲಿ ಮಿಲ್ಲಿನ ಯಂತ್ರಗಳಿಗೆ ಬಿಡಿಭಾಗ ಮಾಡುತ್ತ ಹದಿನೈದು ವರ್ಷ ಕಳೆದ. ಆಮೇಲೆ ಕಿಣತ್ತುಕಡವಿನ ಆಚೆ ಸ್ವಂತ ಶೆಡ್ ಹಾಕಿ, ಪಂಪುಸೆಟ್ಟಿನ ಭಾಗಗಳನ್ನು ಕಡೆಯುವ ಕೆಲಸ ಹಿಡಿದ. ಸೂಲೂರಿನ ವಾಯುಪಡೆಯ ವಿಮಾನಗಳು ಶೆಡ್ಡಿನ ಮೇಲೆ ಹಾದುಹೋಗುವಾಗ ಲೇತ್ ನಿಲ್ಲಿಸಿ ಹೊರಗೆ ಬಂದು ನಿಲ್ಲುತ್ತಿದ್ದ. ಎಲ್ಲರೂ ನಿಂತು ನೋಡುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ. ಅವನು ಒಳಗೆ ಹೋಗಿ ವಿಮಾನ ಮಾಡಲು ಕುಳಿತ.

ಹೊರದೇಶದಿಂದ ನಕ್ಷೆ ತರಿಸಿದ. ಇಬ್ಬರು ಕೂರುವ ಪುಟ್ಟ ವಿಮಾನ. ಮೈಗೆ ಸ್ಟೀಲ್ ಪೈಪು, ರೆಕ್ಕೆಗೆ ಮರ. ಮನೆಯಲ್ಲೇ ಕಟ್ಟಿಕೊಂಡ ವಿಮಾನವನ್ನು ಹಾರಿಸಲು ಏನೇನು ಅನುಮತಿ ಬೇಕೋ ಅದನ್ನೆಲ್ಲ ವರ್ಷಗಟ್ಟಲೆ ಓಡಾಡಿ ಒಂದೊಂದಾಗಿ ತಂದ. ತಾನೂ ಹಾರಿಸಲು ಕಲಿತು ಲೈಸೆನ್ಸ್ ಪಡೆದ. ಬಡಗಿ ಅಯ್ಯಾಸಾಮಿ ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಕೊಯ್ದು ಅಂಟಿಸಿದ, ಒಂದೊಂದು ರೆಕ್ಕೆಗೆ ಹನ್ನೆರಡು. ಬಟ್ಟೆ ಇಲ್ಲದ ಆ ರೆಕ್ಕೆಗಳು ಶೆಡ್ಡಿನಲ್ಲಿ ಮೀನಿನ ಮುಳ್ಳಿನ ಹಾಗೆ ಮಲಗಿದ್ದವು. ಒಂದು ಭಾನುವಾರ ತಿರುಮೂರ್ತಿ ಅಕ್ಕನ ಮನೆಗೆ ಬಂದು ಮಗ್ಗದ ಗುಂಡಿಯ ಪಕ್ಕ ಕುಳಿತ.

"ಅಕ್ಕಾ, ಹಳೇ ಕಾಲದಲ್ಲಿ ವಿಮಾನದ ರೆಕ್ಕೆಗೆ ಹತ್ತಿ ಬಟ್ಟೇನೇ ಹೊದಿಸ್ತಿದ್ರಂತೆ. ನಿನ್ ಮಗ್ಗದಾಗೆ ಆಗ್ತದಾ?"

ಸುಬ್ಬಾತಾಳ್ ಲಾಳಿ ನಿಲ್ಲಿಸಲಿಲ್ಲ. "ಎಷ್ಟು ತೂಕ ತಡೀಬೇಕು?"

"ಒಂದಂಗುಲ ಅಗಲದ ಪಟ್ಟಿ ಮೂವತ್ತಾರು ಕಿಲೋ."

ಮೂಲೆಯಲ್ಲಿ ರಾಟೆ ತಿರುವುತ್ತಿದ್ದ ಲಿಂಗಪ್ಪನ್ ಬಾಯಿ ಹಾಕಿದ. "ಇವಳ ಮಾತನ್ನ ಮೂವತ್ತೈದು ವರ್ಷದಿಂದ ನಾನು ತಡ್ಕಂಡಿದೀನಿ. ಬಟ್ಟೆ ತಡೀದಾ?"

"ಮಾಮಾ, ನೀವು ಸುಮ್ನಿರಿ. ಅಕ್ಕಾ, ನೋಡು, ಹಾರೋ ದಿವಸ ನಿನ್ ಪಾವಡಿ ಮೇಲೇ ಬರ್ತೀನಿ. ರೆಕ್ಕೆ ಓರೆ ಮಾಡ್ತೀನಿ. ನಿನ್ ಬಟ್ಟೇನ ನೀನು ಕೆಳಗಡೆಯಿಂದ ನೋಡ್ಬೇಕು."

ಪಾವಡಿ ಎಂದರೆ ಬೀದಿಯ ಹಿಂದಿರುವ ಬಯಲು. ಬೆಳಿಗ್ಗೆ ಬೆಳಿಗ್ಗೆ ನೇಕಾರರು ಅಲ್ಲಿ ಗೂಟ ನೆಟ್ಟು ಹಾಸಿನ ನೂಲನ್ನು ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುತ್ತಾರೆ. ಸುಬ್ಬಾತಾಳಿನ ಬದುಕಿನ ಅರ್ಧ ಬೆಳಗುಗಳು ಅಲ್ಲೇ ಕಳೆದಿವೆ. ಅವಳು ನೇಯ್ದದ್ದೆಲ್ಲ ಯಾರದೋ ಮೈಮೇಲೆ ಹೋಗುತ್ತದೆ, ಎಲ್ಲಿಗೆ ಹೋಯಿತು ಎಂದು ಅವಳಿಗೆ ತಿಳಿಯುವುದಿಲ್ಲ. ತಾನು ನೇಯ್ದ ಬಟ್ಟೆ ತನ್ನ ಪಾವಡಿಯ ಮೇಲೇ ಹಾದುಹೋಗುತ್ತದೆ, ತಾನದನ್ನು ತಲೆಯೆತ್ತಿ ನೋಡುತ್ತೇನೆ ಎಂಬ ಮಾತು ಆವತ್ತು ಅವಳ ಎದೆಯಲ್ಲಿ ಇಳಿದು ಕೂತಿತು. ಬಾಯಲ್ಲಿ ಮಾತ್ರ, "ನೂಲು ಒಳ್ಳೇದು ತಂದ್ಕೊಡು. ಅಪ್ಪುರಂ ನೋಡೋಣ," ಅಂದಳು.

ಮೊದಲ ಬಟ್ಟೆ ಕೆಟ್ಟಿತು. ನೇಕಾರರಲ್ಲದೆ ಬೇರೆ ಯಾರೂ ಮಾಡದ ತಪ್ಪು ಅದು. ಹಾಸಿನ ನೂಲಿಗೆ ಅಕ್ಕಿ ಗಂಜಿ, ತೆಂಗಿನೆಣ್ಣೆ ಬಳಿಯದೆ ನೇಯುವುದುಂಟೇ ಎಂದು ಅವಳು ದಿನನಿತ್ಯದಂತೆ ಚೆನ್ನಾಗಿಯೇ ಬಳಿದಳು. ರೆಕ್ಕೆಯ ಬಟ್ಟೆಗೆ ಆಮೇಲೆ ಒಂದು ಬಗೆಯ ಅರಗು ಹಚ್ಚುತ್ತಾರೆ. ಅದು ಬಟ್ಟೆಯೊಳಕ್ಕೆ ಇಳಿದು, ಒಣಗಿ, ಬಟ್ಟೆಯನ್ನು ತಮಟೆಯಂತೆ ಬಿಗಿಯುತ್ತದೆ. ತಿರುಮೂರ್ತಿ ಒಂದು ಚೌಕಟ್ಟಿಗೆ ಬಟ್ಟೆ ಕಟ್ಟಿ ಅರಗು ಹಚ್ಚಿ ನೋಡಿದರೆ ಅದು ಗಂಜಿಯ ಮೇಲೆ ಕೂತು ಹಾಲಿನ ಕೆನೆಯಂತೆ ಸುಲಿದು ಬಂತು.

"ವಿಮಾನಕ್ಕೆ ಸಾದ ಬಡಿಸಿದ್ಯಲ್ಲ ಸುಬ್ಬು. ಅದೇನ್ ಅನ್ನ ಉಣ್ತದಾ?" ಅಂದ ಲಿಂಗಪ್ಪನ್.

ಎರಡನೆಯ ಸಲ ಅವಳು ತಾನು ಕಲಿತದ್ದನ್ನೇ ಬಿಟ್ಟು ಕೆಲಸ ಮಾಡಬೇಕಾಯಿತು. ನೀರಿನಂಥ ತೆಳು ಗಂಜಿ, ಎಣ್ಣೆ ಇಲ್ಲವೇ ಇಲ್ಲ. ಎಳೆ ಹರಿಯುತ್ತಿತ್ತು, ಗಂಟು ಹಾಕುತ್ತಿದ್ದಳು, ಮತ್ತೆ ಹರಿಯುತ್ತಿತ್ತು. ದಿನಕ್ಕೆ ಅರ್ಧ ಗಜ ಕಂಡರೆ ಹೆಚ್ಚು. ಪೊಂಗಲ್ ಮುಗಿದ ಮೇಲೆ ಹಾಸು ಹೂಡಿದವಳು ಏಪ್ರಿಲ್ ನಡುವೆ ಚಿತ್ತಿರೆ ತಿಂಗಳು ಹುಟ್ಟುವ ವಾರದಲ್ಲಿ ನಲವತ್ತು ಗಜ ಕತ್ತರಿಸಿ ಇಳಿಸಿದಳು.

ಅವರ ಮನೆಯಲ್ಲಿ ಒಂದು ಪದ್ಧತಿಯಿದೆ, ಅವಳ ಅತ್ತೆಯ ಕಾಲದ್ದು. ಯಾವ ಹೊಸ ಹಾಸಿಗೂ ಮೊದಲ ಏಳು ಹೊಕ್ಕು, ಎಂದರೆ ಅಡ್ಡ ಎಳೆ, ಅರಿಶಿನದಲ್ಲಿ ಅದ್ದಿದ ನೂಲಿನದು. ಅದು ಚೌಡೇಶ್ವರಿ ಅಮ್ಮನ ಪಾಲು. ಸೀರೆಯಾದರೆ ಆ ಏಳು ಎಳೆಯ ತುದಿಯನ್ನು ಕತ್ತರಿಸಿ ಮಗ್ಗಕ್ಕೇ ಕಟ್ಟುತ್ತಾರೆ. ಈ ಬಟ್ಟೆಯದನ್ನು ಮಾತ್ರ ಕತ್ತರಿಸಬೇಡ ಎಂದು ತಿರುಮೂರ್ತಿಯೇ ಕೇಳಿಕೊಂಡ. "ಎಡಗಡೆ ರೆಕ್ಕೆ ಮೈಗೆ ಸೇರೋ ಜಾಗದಲ್ಲಿ ಇರಲಿ ಅಕ್ಕಾ. ಬಣ್ಣದ ಕೆಳಗೆ ಇರ್ತದೆ, ನಮಗೆ ಮಾತ್ರ ಗೊತ್ತಿರ್ತದೆ." ಇದ್ದ ತೆಳು ಗಂಜಿಯನ್ನೂ ಬಿಡಿಸಲು ಬಟ್ಟೆಯನ್ನು ಸೋಡಾದಲ್ಲಿ ತೊಳೆದಾಗ ಆ ಏಳು ಎಳೆ ಕುಂಕುಮದಂತೆ ಕೆಂಪಾದವು. ಸುಬ್ಬಾತಾಳ್ ಹುಣಿಸೇನೀರು ಸವರಿ ಮತ್ತೆ ಹಳದಿಗೆ ತಂದಳು. ಪೂರ್ತಿ ಬರಲಿಲ್ಲ, ಅಲ್ಲಲ್ಲಿ ಕಿತ್ತಳೆಯ ಕಲೆ ಉಳಿಯಿತು.

ಶೆಡ್ಡಿನಲ್ಲಿ ಒಂದಂಗುಲದ ಪಟ್ಟಿಗೆ ಪಂಪಿನ ಎರಕದ ಕಬ್ಬಿಣಗಳನ್ನು ಒಂದೊಂದಾಗಿ ನೇತುಹಾಕಿದರು. ಮೂವತ್ತಾರಕ್ಕೆ ಎಲ್ಲರೂ ಉಸಿರು ಬಿಗಿಹಿಡಿದರು. ಹರಿದದ್ದು ನಲವತ್ತೆರಡು ಕಿಲೋ ದಾಟಿದ ಮೇಲೆ. ಅಯ್ಯಾಸಾಮಿ ಪಟ್ಟಿಯ ತುಂಡನ್ನು ಕಣ್ಣಿಗೊತ್ತಿಕೊಂಡ. ಹನ್ನೆರಡು ದಿನ ಸುಬ್ಬಾತಾಳ್ ಅಲ್ಲೇ ಇದ್ದು ಎರಡು ಪನ್ನ, ಎಂದರೆ ಬಟ್ಟೆಯ ಎರಡು ಅಗಲ, ಜೋಡಿಸಿ ಹೊಲಿದು ರೆಕ್ಕೆಗೆ ತೊಡಿಸಿದಳು. ಗೇಣುದ್ದದ ಸೂಜಿಯನ್ನು ಮೇಲಿನಿಂದ ಚುಚ್ಚಿದರೆ ಅಡಿಯಲ್ಲಿ ಕುಳಿತ ತಿರುಮೂರ್ತಿ ಅದನ್ನು ಎಳೆದು ಪಕ್ಕೆಲುಬನ್ನು ಬಳಸಿ ಮತ್ತೆ ಮೇಲಕ್ಕೆ ಚುಚ್ಚುತ್ತಿದ್ದ. ಪ್ರತಿ ಹೊಲಿಗೆಗೂ ಒಂದು ಗಂಟು. ಪಕ್ಕೆಲುಬಿಗೆ ಇಪ್ಪತ್ತೆರಡು, ಎರಡು ರೆಕ್ಕೆ ಸೇರಿ ಐನೂರಿಪ್ಪತ್ತೆಂಟು. ರೆಕ್ಕೆಯ ಮೇಲೊಬ್ಬಳು, ಕೆಳಗೊಬ್ಬ, ನಡುವೆ ಒಂದೇ ದಾರ. ಹಾಗೆ ಕೂತು ಅವರು ತಾಯಿಯ ಮಾತು ಆಡಿದರು, ಅವಳು ಮಾಡುತ್ತಿದ್ದ ರಾಗಿ ಕಳಿಯ ಮಾತು ಆಡಿದರು. ತನ್ನ ಜೀವಮಾನದಲ್ಲಿ ಅಷ್ಟು ಸುಖವಾದ ಹನ್ನೆರಡು ದಿನ ಬೇರೆ ಇಲ್ಲ ಎಂದು ಸುಬ್ಬಾತಾಳ್ ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿದ್ದಾಳೆ.

ಹದಿಮೂರನೆಯ ದಿನ ತಮ್ಮ ಹೇಳಿದ, "ಅಕ್ಕಾ, ಇನ್ನು ಅರಗು ಹಚ್ತೀವಿ. ಆ ವಾಸನೆ ನಿನ್ ಎದೆಗೆ ಆಗಲ್ಲ. ನೀನು ಮನೆಗೆ ಹೋಗು, ಆದ್ಮೇಲೆ ಕರೀತೀನಿ."

ಕರೆದದ್ದು ಮೂರು ತಿಂಗಳ ನಂತರ. ರೆಕ್ಕೆಗಳು ಆಗಲೇ ಬಿಳಿಯ ಬಣ್ಣ ಬಳಿದುಕೊಂಡು ಶೆಡ್ಡಿನ ಸೂರಿಗೆ ಹಗ್ಗದಲ್ಲಿ ನೇತಾಡುತ್ತಿದ್ದವು. ಕೆಂಪು ಪಟ್ಟೆಯೊಂದು ಉದ್ದಕ್ಕೂ ಇತ್ತು. ಅವಳು ಕೈ ಎತ್ತಿದಳು, ಎಟುಕಲಿಲ್ಲ. "ಬಣ್ಣ ಇನ್ನೂ ಹಸಿ ಅಕ್ಕಾ, ಮುಟ್ಬೇಡ." ಆಮೇಲೆ ಹೋದಾಗಲೂ ಅಷ್ಟೇ. ಒಮ್ಮೆ ಪಾಲಿಶ್ ಆಗುತ್ತಿದೆ, ಒಮ್ಮೆ ವೈರ್ ಎಳೆಯುತ್ತಿದ್ದಾರೆ, ಒಮ್ಮೆ ಸೀಟು ಕೂರಿಸುತ್ತಿದ್ದಾರೆ, ದೂರ ನಿಲ್ಲು. ಅವಳು ದೂರವೇ ನಿಂತಳು. ಮಗ್ಗದಲ್ಲಿ ಹಾಸು ಬಿಗಿದಿರುವಾಗ ಬೇರೆಯವರು ಕೈಹಾಕಿದರೆ ತನಗೂ ಆಗುವುದಿಲ್ಲವಲ್ಲ, ಹಾಗೆಯೇ ಇದೂ ಎಂದುಕೊಂಡಳು.

ಅಷ್ಟರಲ್ಲಿ ವಿಷಯ ತಿರುಪ್ಪೂರಿನವರೆಗೆ ಹೋಗಿತ್ತು. ಬನಿಯನ್ ಕಂಪೆನಿಯ ಮಾಲೀಕ ಗೋಪಾಲಸಾಮಿ ಎಂಬವರು ಕೈಮಗ್ಗದ ಬಟ್ಟೆಯ ರೆಕ್ಕೆ ಎಂಬ ಮಾತು ಕೇಳಿಯೇ ಮನಸೋತು, ವಿದೇಶದ ಎಂಜಿನ್ನನ್ನೂ ಎತ್ತರ, ವೇಗ ತೋರಿಸುವ ಮೀಟರುಗಳನ್ನೂ ರೇಡಿಯೋವನ್ನೂ ತಾವೇ ಕೊಡಿಸಿದರು. ಅವರ ಕಂಪೆನಿಯ ಅಂಗಿಗಳ ಲೇಬಲ್ಲಿನಲ್ಲಿ ಪುಟ್ಟ ರೆಕ್ಕೆಯ ಚಿತ್ರ ಬಂತು. ಪತ್ರಿಕೆಯವರು ಸುಬ್ಬಾತಾಳನ್ನು ಮಗ್ಗದಲ್ಲಿ ಕೂರಿಸಿ ಫೋಟೋ ತೆಗೆದರು. ಬೀದಿಯ ಹೆಂಗಸರು ಅವಳನ್ನು ವಿಮಾನದಕ್ಕ ಎಂದು ಕರೆಯತೊಡಗಿದರು. ಬಸ್ಸಿನಲ್ಲಿ ಕಂಡಕ್ಟರ್, "ಏನಮ್ಮಾ, ಹಾರ್ಕೊಂಡು ಹೋಗೋದು ಬಿಟ್ಟು ನಮ್ಮ ಬಸ್ಸು ಯಾಕೆ?" ಎಂದು ರೇಗಿಸಿದ. ಅವಳಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ತಿರುಮೂರ್ತಿಯ ಹೆಂಡತಿ ಇಂದುಜಾ ವಾರಕ್ಕೊಮ್ಮೆ ಸಾರೋ ಪಲ್ಯವೋ ತಂದುಕೊಟ್ಟು ಹೋಗುವಾಗ, "ನಿಮ್ ಮಗ್ಗದ ತುಣಿ ಎಷ್ಟ್ ಗಟ್ಟಿ ಅಂತ ಎಲ್ರೂ ಕೇಳ್ತಾರೆ ಅಕ್ಕಾ," ಅನ್ನುತ್ತಿದ್ದಳು.

ಈ ವರ್ಷ ಮಾರ್ಗಳಿ ತಿಂಗಳು ಕಳೆದು ಪೊಂಗಲ್ ಆದ ಮೇಲೆ ವಿಮಾನವನ್ನು ಊರಿಗೆ ತೋರಿಸುವ ದಿನ ಬಂತು. ಹಾರುವುದು ಆಮೇಲೆ. ಆವತ್ತು ಬರೀ ಶೆಡ್ಡಿನಿಂದ ಹೊರಗೆ ತಳ್ಳಿ, ಪೂಜೆ ಮಾಡಿ, ನಾಲ್ಕು ಮಾತು ಆಡುವುದು. ಶಾಮಿಯಾನ ಹಾಕಿದ್ದರು. ನೆಗಮಂ ಕೈಮಗ್ಗದ ರೆಕ್ಕೆ ಎಂದು ತಮಿಳಿನಲ್ಲಿ ದೊಡ್ಡ ಬ್ಯಾನರ್. ಸುಬ್ಬಾತಾಳ್ ತಾನೇ ನೇಯ್ದ ಹಸಿರು ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ವಿಮಾನದ ಮೂತಿಗೆ, ಎಂಜಿನ್ನಿನ ಮೇಲೆ, ಧೂಳು ಬೀಳದ ಹಾಗೆ ಒಂದು ಹಳೆಯ ಬಿಳಿ ಬಟ್ಟೆ ಮುಚ್ಚಿತ್ತು. ಗೋಪಾಲಸಾಮಿಯವರು ಅದನ್ನು ಎಳೆದು ತೆಗೆದು ಪಕ್ಕಕ್ಕೆ ಹಾಕಿದರು. ಅದು ಜಾರಿ ಬಂದು ಸುಬ್ಬಾತಾಳಿನ ಕಾಲ ಬಳಿ ನೆಲದ ಮೇಲೆ ಬಿತ್ತು. ಫೋಟೋ ತೆಗೆಯುವವನೊಬ್ಬ ಅದನ್ನು ತುಳಿದು ನಿಂತ.

ಬಟ್ಟೆ ನೆಲದ ಮೇಲೆ ಬಿದ್ದಿದ್ದರೆ ನೇಕಾರರ ಕೈ ಸುಮ್ಮನಿರುವುದಿಲ್ಲ. ಅವಳು ಅವನ ಕಾಲನ್ನು ಮೆಲ್ಲಗೆ ತಟ್ಟಿ ಸರಿಸಿ, ಬಟ್ಟೆಯನ್ನು ಮಡಿಲಿಗೆ ಎತ್ತಿಕೊಂಡು ಮಡಿಸತೊಡಗಿದಳು. ಕಣ್ಣು ವಿಮಾನದ ಮೇಲಿತ್ತು. ಬೆರಳು ತನ್ನ ಪಾಡಿಗೆ ಅಂಚನ್ನು ಹಿಡಿದು ಉಜ್ಜಿತು, ನಿಂತಿತು, ಮತ್ತೆ ಉಜ್ಜಿತು. ಅಂಗುಲಕ್ಕೆ ಎಂಬತ್ತೆಳೆ. ಎಣ್ಣೆ ಕಾಣದ ಹಾಸು. ಹರಿದು ಹರಿದು ಹಾಕಿದ ಗಂಟುಗಳು. ಬಟ್ಟೆಯ ಉದ್ದಕ್ಕೂ ಸಾಲು ಸಾಲಾಗಿ ಸೂಜಿಯ ತೂತು, ಒಂದೊಂದು ಸಾಲಿಗೆ ಇಪ್ಪತ್ತೆರಡು. ಅವಳು ಮಡಿಕೆ ಬಿಚ್ಚಿದಳು. ಒಂದು ತುದಿಯಲ್ಲಿ ಎಂಜಿನ್ ಎಣ್ಣೆಯ ಕಲೆ, ಇನ್ನೊಂದು ತುದಿಯಲ್ಲಿ ಏಳು ಹಳದಿ ಎಳೆ, ಅಲ್ಲಲ್ಲಿ ಕಿತ್ತಳೆ.

ಅವಳು ಎದ್ದು ವಿಮಾನದ ಎಡರೆಕ್ಕೆಯ ಬಳಿಗೆ ನಡೆದಳು. ಯಾರೂ ತಡೆಯಲಿಲ್ಲ, ಅವಳಲ್ಲವೇ ಇವತ್ತಿನ ಹಿರಿಯಳು. ಕಣ್ಣು ಮುಚ್ಚಿ ರೆಕ್ಕೆಯ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಬಣ್ಣದ ಕೆಳಗೆ ಇದ್ದದ್ದು ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್. ನುಣ್ಣಗೆ, ಒಂದೇ ಸಮ, ಒಂದೂ ಗಂಟಿಲ್ಲದೆ.

ಕಣ್ಣು ತೆರೆದಾಗ ಅಯ್ಯಾಸಾಮಿ ಎದುರಿಗಿದ್ದ. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಊದಿನಕಡ್ಡಿಯನ್ನು ನೋಡತೊಡಗಿದ. ಇಂದುಜಾಳತ್ತ ತಿರುಗಿದಳು. ಇಂದುಜಾ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಶೆಡ್ಡಿನ ಕೆಲಸದವರೆಲ್ಲ ಬೇರೆ ಬೇರೆ ಕಡೆ ನೋಡುತ್ತಿದ್ದರು. ಅಲ್ಲಿ ಗೊತ್ತಿಲ್ಲದೆ ಇದ್ದದ್ದು ಗೋಪಾಲಸಾಮಿಗೆ, ಬಂದ ಅತಿಥಿಗಳಿಗೆ, ಮತ್ತು ತನಗೆ.

ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕರೆದರು. ತಿರುಮೂರ್ತಿ ಓಡಿಬಂದು ತೋಳು ಹಿಡಿದು ಕರೆದುಕೊಂಡು ಹೋಗುವಾಗ ಕಿವಿಯ ಹತ್ತಿರ ಮನೆಯ ಮಾತಿನಲ್ಲಿ ಹೇಳಿದ, "ಅಕ್ಕಾ, ಇವತ್ತೊಂದು ದಿವಸ. ನಿನ್ ಕಾಲು ಹಿಡೀತೀನಿ."

ಅವಳು ಮೈಕಿನ ಮುಂದೆ ನಿಂತಳು. ತಮಿಳಿನಲ್ಲಿ ಎರಡೇ ಮಾತು ಆಡಿದಳು. "ನನ್ನ ತಮ್ಮ ಕೇಳಿದ, ನಾನು ನೇಯ್ದೆ. ನಾನು ನೇಯ್ದ ಬಟ್ಟೆ ನಲವತ್ತೆರಡು ಕಿಲೋ ತಡೆಯಿತು."

ಜನ ಚಪ್ಪಾಳೆ ತಟ್ಟಿದರು. ಗೋಪಾಲಸಾಮಿ ಶಾಲು ಹೊದಿಸಿದರು. ಅವಳು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಎಣ್ಣೆ ಕಲೆಯ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು.

ಮಾರನೆಯ ಬೆಳಿಗ್ಗೆ ತಿರುಮೂರ್ತಿ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಎಂದಿನ ಜಾಗದಲ್ಲಿ, ಮಗ್ಗದ ಗುಂಡಿಯ ಪಕ್ಕ ಕುಳಿತ. ಅವಳು ನೇಯುತ್ತಿದ್ದಳು.

"ತಪ್ಪಾಯ್ತು ಅಕ್ಕಾ. ಪರೀಕ್ಷೆ ಮಾಡೋಕೆ ಬಂದೋರು ಈ ಬಟ್ಟೆಗೆ ಸರ್ಟಿಫಿಕೇಟ್ ಪೇಪರ್ ಎಲ್ಲಿ ಅಂದ್ರು. ಎಲ್ಲಿಂದ ತರ್ಲಿ? ವಿದೇಶದ ಬಟ್ಟೆ ಆದ್ರೆ ಸುರುಳಿ ಜೊತೇನೇ ಪೇಪರ್ ಬರ್ತದೆ. ನಿಂದು ಗಟ್ಟಿ ಅಂತ ನಂಗೆ ಗೊತ್ತು."

"ಯಾವಾಗ ಕತ್ತರಿಸ್ದೆ?"

"ನೀನು ಮನೆಗೆ ಬಂದ ಮಾರನೇ ವಾರ."

"ಅರಗು ಹಚ್ಚೋಕೆ ಮುಂಚೇನೇ."

"ಹಚ್ಚಿರಲಿಲ್ಲ."

ಲಾಳಿ ಅತ್ತ ಹೋಯಿತು, ಇತ್ತ ಬಂತು. "ಬಂದು ಅಕ್ಕಾ ಪೇಪರ್ ಬೇಕಂತೆ, ಬಟ್ಟೆ ಆಗಲ್ಲ ಅಂತ ಹೇಳಿದ್ರೆ ನಾನೇ ಬಂದು ಗಂಟು ಬಿಚ್ಚಿ ಕೊಡ್ತಿದ್ದೆ. ಐನೂರಿಪ್ಪತ್ತೆಂಟೂ ನಂಗೆ ಗೊತ್ತು ಯಾವ ಕಡೆ ಎಳೆದ್ರೆ ಬಿಚ್ತದೆ ಅಂತ. ಬ್ಲೇಡ್ ಹಾಕಿದ್ಯಲ್ಲ."

"ಅಷ್ಟೊತ್ತಿಗೆ ಎಂಜಿನ್ ಕೊಡಿಸೋ ಮಾತಾಗಿತ್ತು. ಕೈಮಗ್ಗದ ಬಟ್ಟೆ ಇಲ್ಲ ಅಂದ್ರೆ ಗೋಪಾಲಸಾಮಿ ಸಾರ್ ಬಿಟ್ಟೇ ಹೋಗ್ತಿದ್ರು."

"ನಾನು ಗೋಪಾಲಸಾಮಿನಾ?"

ತಿರುಮೂರ್ತಿ ಮುಖ ಉಜ್ಜಿಕೊಂಡ. ಆಮೇಲೆ ಅವನ ಬಾಯಿಂದ ನಿಜ ಬಂತು. ಬರದೆ ಇದ್ದಿದ್ದರೆ ಚೆನ್ನಾಗಿತ್ತು. "ನಿಂಗೆ ಪೊಯ್ ಹೇಳೋಕೆ ಬರಲ್ಲ, ನಿಜಾನೇ ಬರೋದು ಅಕ್ಕಾ. ಊರಿಗೆಲ್ಲ ಗೊತ್ತು ಅದು. ನಿನ್ ಬಾಯಿಂದ ಬಂದ್ರೆ ಎಲ್ರೂ ನಂಬ್ತಾರೆ. ನಿಂಗೆ ಗೊತ್ತಾಗಿದ್ರೆ ಫೋಟೋಕ್ಕೆ ಕೂರ್ತಿದ್ದಾ? ಅದಕ್ಕೇ ಹೇಳ್ಲಿಲ್ಲ."

ಸುಬ್ಬಾತಾಳಿನ ಕಾಲು ಮಗ್ಗದ ತುಳಿಮಣೆಯ ಮೇಲೆ ನಿಂತುಬಿಟ್ಟಿತು. ಬಟ್ಟೆ ಹೋದದ್ದನ್ನು ಅವಳು ನುಂಗಿಕೊಳ್ಳುತ್ತಿದ್ದಳು. ಈ ಎರಡು ವರ್ಷ ಅವಳು ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಾವಡಿಯಲ್ಲಿ ಎಷ್ಟು ಜನರ ಮುಂದೆ, ಹೌದು, ನನ್ನ ಬಟ್ಟೆಯೇ ಎಂದಿದ್ದಳೋ ಅಷ್ಟೂ ಸಲ ತಮ್ಮ ಅವಳ ಬಾಯಿಂದ ಸುಳ್ಳು ಹೇಳಿಸಿದ್ದ. ಅವಳದೇ ಒಳ್ಳೆಯ ಹೆಸರನ್ನು ತೆಗೆದುಕೊಂಡು ಹೋಗಿ ರೆಕ್ಕೆಗೆ ಹೊದಿಸಿದ್ದ.

"ಇನ್ನೊಂದು ರೆಕ್ಕೇದು ಎಲ್ಲಿ?" ಎಂದು ಮಾತ್ರ ಕೇಳಿದಳು.

"ಶೆಡ್ಡಲ್ಲಿ ಎಲ್ಲೋ ಅದೆ." ಅವನು ಎದ್ದು ನಿಂತು ಮತ್ತೊಂದು ಮಾತು ಹೇಳಿದ. "ಅಕ್ಕಾ, ಮುಂದಿನ ತಿಂಗಳು ಹಾರ್ತೀನಿ. ಕೊಟ್ಟ ಮಾತಿನಂಗೆ ಪಾವಡಿ ಮೇಲೆ ಬರ್ತೀನಿ. ಕಂಪೆನಿಯವರು ಕ್ಯಾಮೆರಾದೋನನ್ನ ಕಳಿಸ್ತಾರೆ. ನೀನು ಏನೂ ಮಾತಾಡ್ಬೇಡ. ನಿಂತು ಮೇಲೆ ನೋಡಿದ್ರೆ ಸಾಕು."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. "ಬಾ. ನಾನು ಪಾವಡೀಲೇ ಇರ್ತೀನಿ," ಅಂದಳು. ಅವನ ಮುಖ ಹಗುರಾಯಿತು. ಅಕ್ಕ ಕ್ಷಮಿಸಿದಳು ಎಂದುಕೊಂಡು ಹೋದ.

ಅವನು ಹೋದ ಮೇಲೆ ಮನೆಯಲ್ಲಿ ಸದ್ದೇ ಇರಲಿಲ್ಲ. ರಾಟೆಯ ಸದ್ದೂ ಇಲ್ಲ ಎಂಬುದು ಆಮೇಲೆ ಅವಳ ಗಮನಕ್ಕೆ ಬಂತು. ಲಿಂಗಪ್ಪನ್ ಕೈ ರಾಟೆಯ ಮೇಲೆ ಹಾಗೇ ಇತ್ತು. ತಮ್ಮ ಬಂದಾಗಿನಿಂದ ಆ ಮನುಷ್ಯ ಒಂದೂ ತಮಾಷೆ ಮಾಡಿರಲಿಲ್ಲ, ಒಂದೂ ಪ್ರಶ್ನೆ ಕೇಳಿರಲಿಲ್ಲ, ಬೈದೂ ಇರಲಿಲ್ಲ.

"ನಿಮಗೂ ಗೊತ್ತಿತ್ತಾ?"

"ಕೊಂಜ ದಿವಸದ ಹಿಂದೆ," ಅಂದ ಲಿಂಗಪ್ಪನ್.

"ಎಷ್ಟು ದಿವಸ?"

"ಹೋದ ಆಡಿ ತಿಂಗಳು. ಟೀ ಅಂಗಡೀಲಿ ಅಯ್ಯಾಸಾಮಿ ಅಂದ." ಅವನು ನೂಲಿನ ತುದಿಯನ್ನು ಹುಡುಕುವವನಂತೆ ಬಗ್ಗಿದ. "ನೀನು ಅಷ್ಟ್ ಖುಷಿಯಾಗಿದ್ದೆ ಸುಬ್ಬು. ಹೆಂಗೆ ಹೇಳ್ಲಿ?"

ಆರು ತಿಂಗಳು ಅವನು ಅವಳ ಬೆನ್ನ ಹಿಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿದ್ದ. ವಿಮಾನದಕ್ಕ ಎಂದು ಹೆಂಗಸರು ಕರೆದಾಗ ಅವರ ಜೊತೆ ನಕ್ಕಿದ್ದ. ಆವತ್ತಿನಿಂದ ಊಟಕ್ಕೆ ಕರೆಯುವುದನ್ನು ಬಿಟ್ಟು ಬೇರೆ ಮಾತು ಅವರ ನಡುವೆ ನಡೆಯಲಿಲ್ಲ.

ವಾರ ಕಳೆದು ಇಂದುಜಾ ಬಂದಳು. ಈ ಸಲ ಕೈಯಲ್ಲಿ ಸಾರಿನ ಡಬ್ಬಿ ಇರಲಿಲ್ಲ. ಬಲರೆಕ್ಕೆಯ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದಿದ್ದಳು. ನಡುವೆ ಗ್ರೀಸಿನ ಕಲೆ ಹೋಗಿರಲಿಲ್ಲ.

"ಎಷ್ಟೋ ಸಲ ಹೇಳ್ಬೇಕು ಅಂತ ಬಾಯಿಗೆ ಬರ್ತಿತ್ತು ಅಕ್ಕಾ."

"ಸಾರು ತಂದಾಗ ಹೇಳ್ಬೋದಿತ್ತು. ವಾರವಾರ ತಂದ್ಯಲ್ಲ." ಸುಬ್ಬಾತಾಳ್ ಬಟ್ಟೆ ತೆಗೆದುಕೊಂಡಳು. "ಕೂತ್ಕೋ, ಕಾಪಿ ಕುಡ್ಕಂಡು ಹೋಗು."

ಇಂದುಜಾ ಕುಡಿಯದೆ ಹೋದಳು.

ಹಾರುವ ದಿನ ಬೆಳಿಗ್ಗೆ ಏಳು ಗಂಟೆಗೇ ಪಾವಡಿಯಲ್ಲಿ ಬೀದಿಯ ಜನ ಸೇರಿದ್ದರು. ತಿರುಪ್ಪೂರಿನ ಕ್ಯಾಮೆರಾದವನು ಮುಕ್ಕಾಲಿ ನೆಟ್ಟು ಕಾಯುತ್ತಿದ್ದ. ಸುಬ್ಬಾತಾಳ್ ಮಾತ್ರ ಹಾಸು ಕಟ್ಟುವ ಗೂಟಗಳನ್ನು ಹೊತ್ತು ತಂದು ನೆಲಕ್ಕೆ ಬಡಿಯುತ್ತಿದ್ದಳು. ಇವತ್ತು ಹಾಸು ಹಾಕುವ ದಿನವಲ್ಲವಲ್ಲ ಎಂದು ಯಾರೋ ಕೇಳಿದರು, ಅವಳು ಇನ್ನೊಂದು ಗೂಟ ಬಡಿದಳು. ಎಡರೆಕ್ಕೆಯ ಬಟ್ಟೆಯನ್ನು ಒಂದು ಕಡೆ ಬಿಡಿಸಿ ನಾಲ್ಕೂ ಮೂಲೆ ಎಳೆದು ಕಟ್ಟಿದಳು. ಬಲರೆಕ್ಕೆಯದನ್ನು ಇನ್ನೊಂದು ಕಡೆ. ನಡುವೆ ಒಂದು ಆಳು ಮಲಗುವಷ್ಟು ಜಾಗ ಬಿಟ್ಟಳು, ವಿಮಾನದ ಮೈ ಇರುವಷ್ಟು. ಏಳು ಹಳದಿ ಎಳೆಯ ತುದಿ ಆ ಜಾಗದ ಕಡೆಗಿತ್ತು. ಬ್ಲೇಡಿನಿಂದ ಸೀಳಿದ ಅಂಚುಗಳು ಗಾಳಿಗೆ ಮೆಲ್ಲಗೆ ಅಲ್ಲಾಡಿದವು. ಸೂಜಿ ತೂತುಗಳ ಸಾಲುಗಳು ಬೆಳಗಿನ ಬಿಸಿಲಿಗೆ ಸ್ಪಷ್ಟವಾಗಿ ಕಂಡವು, ಒಂದು ಕಡೆ ಹನ್ನೆರಡು, ಇನ್ನೊಂದು ಕಡೆ ಹನ್ನೆರಡು.

ಜನರ ಮಾತು ಒಂದೊಂದಾಗಿ ನಿಂತಿತು. ನೇಕಾರರು ಅವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬ ಮುದುಕಿ ಬಗ್ಗಿ ಅಂಚನ್ನು ಉಜ್ಜಿ ನೋಡಿ, ಸುಬ್ಬಾತಾಳಿನ ಮುಖ ನೋಡಿ, ಹಿಂದಕ್ಕೆ ಸರಿದಳು.

ಕ್ಯಾಮೆರಾದವನಿಗೆ ಮಾತ್ರ ತಿಳಿಯಲಿಲ್ಲ. "ಇದೇನಮ್ಮಾ ಹಾಸಿದ್ದೀರಿ?" ಎಂದು ತಮಿಳಿನಲ್ಲಿ ಕೇಳಿದ.

"ರೆಕ್ಕೆಯ ಬಟ್ಟೆ."

"ಹಾಗಾದರೆ ಮೇಲೆ ಬರುತ್ತಿರುವುದು?"

"ಅದನ್ನ ಮೇಲಿಂದ ಬರೋವನನ್ನೇ ಕೇಳಪ್ಪ."

ತೆಂಗಿನ ತೋಟದ ಆಚೆ ಎಂಜಿನ್ನಿನ ಸದ್ದು ಕೇಳಿತು. ವಿಮಾನ ತಗ್ಗಿ ಬಂತು, ಬಿಳಿಯ ಮೈ, ಕೆಂಪು ಪಟ್ಟೆ, ನೋಡಲು ಚೆಂದವೇ ಇತ್ತು. ಪಾವಡಿಯ ಹತ್ತಿರ ಬಂದದ್ದೇ ತಿರುಮೂರ್ತಿ ಕೊಟ್ಟ ಮಾತಿನಂತೆ ರೆಕ್ಕೆ ಓರೆ ಮಾಡಿದ. ಓರೆ ಮಾಡಿದರೆ ಮೇಲಿರುವವನಿಗೆ ಕೆಳಗಿನದು ಪೂರ್ತಿ ಕಾಣುತ್ತದೆ. ಜನ ಮೇಲೆ ನೋಡುತ್ತಿದ್ದರು. ಸುಬ್ಬಾತಾಳ್ ನೋಡಲಿಲ್ಲ. ಎಡರೆಕ್ಕೆಯ ಒಂದು ಮೂಲೆ ಸಡಿಲವಾಗಿತ್ತು, ಬಗ್ಗಿ ಅದನ್ನು ಬಿಗಿಯುತ್ತಿದ್ದಳು.

ಮೂರು ಸುತ್ತು ಬರುವ ಮಾತಿತ್ತು. ವಿಮಾನ ನೇರವಾಯಿತು, ತೆಂಗಿನ ತೋಟದ ಕಡೆ ತಿರುಗಿತು, ಸದ್ದು ಸಣ್ಣದಾಗುತ್ತ ಹೋಯಿತು. ಕ್ಯಾಮೆರಾದವನು ಬಹಳ ಹೊತ್ತು ಆಕಾಶ ನೋಡಿ, ಆಮೇಲೆ ಕ್ಯಾಮೆರಾವನ್ನು ಮೆಲ್ಲಗೆ ನೆಲದ ಕಡೆ ತಿರುಗಿಸಿದ.

ಬಿಸಿಲೇರಿದ ಮೇಲೆ ಅವಳು ಗೂಟ ಕಿತ್ತಳು. ಅಷ್ಟು ಅಗಲದ ಬಟ್ಟೆಯನ್ನು ಒಬ್ಬರೇ ಮಡಿಸಲಾಗದು. ಲಿಂಗಪ್ಪನ್ ಬೇವಿನ ಮರದ ಕೆಳಗೆ ಬೆಳಗಿನಿಂದ ನಿಂತಿದ್ದ, ಹತ್ತಿರ ಬಂದಿರಲಿಲ್ಲ. ಸುಬ್ಬಾತಾಳ್ ಎರಡು ಮೂಲೆ ಹಿಡಿದು ಸ್ವಲ್ಪ ಹೊತ್ತು ಕಾದಳು.

"ಹಿಡೀರಿ," ಅಂದಳು.

ಅವನು ಬಂದು ಇನ್ನೆರಡು ಮೂಲೆ ಹಿಡಿದ. ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು ಕೊಡವಿದರು, ಮಧ್ಯಕ್ಕೆ ಮಡಿಸಿದರು, ಒಬ್ಬರ ಕಡೆ ಒಬ್ಬರು ನಡೆದು ಬಂದರು. ಅವಳು ಅವನ ಕೈಯಿಂದ ಅಂಚುಗಳನ್ನು ತೆಗೆದುಕೊಂಡಳು, ಮುಖ ನೋಡಲಿಲ್ಲ. ಮತ್ತೆ ಹಿಂದಕ್ಕೆ ಸರಿದು, ಇನ್ನೊಂದು ಬಟ್ಟೆಯ ಮೂಲೆಯನ್ನು ಅವನ ಕಡೆಗೆ ಚಾಚಿದಳು.